ನಿಮಗಿದು ಗೊತ್ತೇ? ತಣ್ಣಗಿಲ್ಲದೆಯೂ ತಣ್ಣಗೆನಿಸುವ ಪೆಪ್ಪರ್‌ಮಿಂಟ್!

ಹಲ್ಲುಜ್ಜುವ ಪೇಸ್ಟಿನಲ್ಲಿ ಅದೇ. ಕೆಮ್ಮಿನ ಗುಳಿಗೆಯಲ್ಲಿ ಅದೇ. ತಲೆನೋವಿನ ಬಾಮ್, ಚೂಯಿಂಗ್ ಗಮ್, ಬೀಡಾದೊಳಗಿನ ತಂಪು, ಎಲ್ಲದರಲ್ಲೂ ಅದೇ! ದಿನಕ್ಕೆ ಒಂದು ಸಲವಾದರೂ ನಮ್ಮ ಬಾಯಿಗೋ ಮೂಗಿಗೋ ತಾಗುವ ಈ ಪುಟ್ಟ ಎಲೆಯ ಒಳಗೆ ಏನೇನಿದೆ ಗೊತ್ತೇ? ಬನ್ನಿ, ಒಂದೊಂದೇ ನೋಡೋಣ.

ತಂಪಿನ ಮಾಯೆ

ಪೆಪ್ಪರ್‌ಮಿಂಟ್ ಬಾಯಿಗಿಟ್ಟರೆ ನಾಲಿಗೆ ತಣ್ಣಗಾಗುತ್ತದೆ ಅಲ್ಲವೇ? ಇಲ್ಲ! ಬಾಯಿಯ ಶಾಖ ಇಳಿಯುವುದೇ ಇಲ್ಲ. ಅದರಲ್ಲಿರುವ ಮೆಂಥಾಲ್ ಎಂಬ ವಸ್ತು ಚಳಿಯನ್ನು ಗುರುತಿಸುವ ನರಗಳನ್ನು ತಟ್ಟಿ ಎಬ್ಬಿಸುತ್ತದೆ. ‘ತಣ್ಣಗಿದೆ’ ಎಂದು ನರ ಸುದ್ದಿ ಕಳಿಸುತ್ತದೆ, ಮಿದುಳು ನಂಬಿಬಿಡುತ್ತದೆ!

ಆ ನರಗಳ ತುದಿಯಲ್ಲಿ ಟಿಆರ್‌ಪಿಎಂ8 ಎಂಬ ಪ್ರೋಟೀನ್ ಇದೆ. ಶಾಖ ಸುಮಾರು 26 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಅದು ಬಾಯಿ ತೆರೆಯುತ್ತದೆ. ಮೆಂಥಾಲ್ ತಗುಲಿದರೂ ಅದೇ ಪ್ರೋಟೀನ್ ಬಾಯಿ ತೆರೆಯುತ್ತದೆ. ಐಸ್‌ಗೂ ಎಲೆಗೂ ಒಂದೇ ಬಾಗಿಲು!

ಈ ಬಾಗಿಲನ್ನು 2002ರಲ್ಲಿ ಇಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಪತ್ತೆಹಚ್ಚಿದರು. ಒಬ್ಬರು ಡೇವಿಡ್ ಜೂಲಿಯಸ್, ಇನ್ನೊಬ್ಬರು ಆರ್ಡೆಮ್ ಪಟಪೂಟಿಯನ್. ಹುಡುಕಾಟಕ್ಕೆ ಇಬ್ಬರೂ ಬಳಸಿದ್ದು ಮೆಂಥಾಲನ್ನೇ! 2021ರಲ್ಲಿ ಇಬ್ಬರಿಗೂ ವೈದ್ಯಕೀಯ ನೊಬೆಲ್ ಬಂತು.

ಮೆಣಸಿನಕಾಯಿಯ ಖಾರ ಯಾಕೆ ಸುಡುತ್ತದೆ ಎಂದು ಮೊದಲು ತೋರಿಸಿಕೊಟ್ಟವರೂ ಜೂಲಿಯಸ್ ತಂಡದವರೇ. ಅದೂ ನರದ ಮೇಲಿನ ಒಂದು ಬಾಗಿಲಿನ ಆಟ. ಮೆಣಸಿನಕಾಯಿ ಬೆಂಕಿಯಿಲ್ಲದೆ ಸುಡುತ್ತದೆ, ಪೆಪ್ಪರ್‌ಮಿಂಟ್ ಐಸ್ ಇಲ್ಲದೆ ತಂಪಾಗಿಸುತ್ತದೆ!

ಮಿಂಟ್ ಚಪ್ಪರಿಸಿದ ಮೇಲೆ ಮಾಮೂಲಿ ನೀರು ಕುಡಿದು ನೋಡಿ. ಫ್ರಿಜ್ಜಿನಿಂದ ತೆಗೆದಂತಿರುತ್ತದೆ! ಮೆಂಥಾಲ್ ತಾಗಿದ ನರಕ್ಕೆ ಅಷ್ಟೇನೂ ತಣ್ಣಗಿಲ್ಲದ ನೀರೂ ಚಳಿಯೇ. ಉಸಿರೆಳೆದುಕೊಂಡರೂ ಬಾಯೊಳಗೆ ತಂಗಾಳಿ ಸುಳಿಯುತ್ತದೆ.

ಮೋಸ ಹೋಗುವುದು ನಾಲಿಗೆಯಷ್ಟೇ ಅಲ್ಲ, ಇಡೀ ದೇಹ! ಮೈಗೆ ಮೆಂಥಾಲ್ ಹಚ್ಚಿದರೆ ಚಳಿ ಬಂತೆಂದು ದೇಹ ತಿಳಿಯುತ್ತದೆ. ಚರ್ಮದ ರಕ್ತನಾಳಗಳನ್ನು ಬಿಗಿಹಿಡಿದು ಒಳಗಿನ ಶಾಖ ಹೊರಹೋಗದಂತೆ ಕಾಪಾಡಿಕೊಳ್ಳುತ್ತದೆ. ತಂಪು ಹಚ್ಚಿದ್ದಕ್ಕೆ ದೇಹ ಶಾಖ ಕೂಡಿಡುತ್ತದೆ!

ಹಾಗಾದರೆ ಹೆಚ್ಚು ಹಚ್ಚಿದರೆ ಹೆಚ್ಚು ತಂಪೇ? ಖಂಡಿತ ಅಲ್ಲ. ಪ್ರಮಾಣ ಮೀರಿದರೆ ಮೆಂಥಾಲ್ ನೋವಿನ ನರಗಳನ್ನೂ ಕೆಣಕುತ್ತದೆ. ಆಗ ತಂಪು ಹೋಗಿ ಉರಿ ಶುರು! ಬಾಮ್ ಹಚ್ಚಿದ ಬೆರಳಲ್ಲಿ ಕಣ್ಣುಜ್ಜಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂಗು ಕಟ್ಟಿದಾಗ ಮೆಂಥಾಲ್ ಮೂಸಿದರೆ ಮೂಗು ಬಿಟ್ಟುಕೊಂಡಂತೆ ಎನಿಸುತ್ತದೆ. ಗಾಳಿಯ ಓಡಾಟವನ್ನು ಅಳೆದು ನೋಡಿದರೆ? ಮೂಗು ಮೊದಲಿನಷ್ಟೇ ಕಟ್ಟಿರುತ್ತದೆ! ತಂಪಿನ ನರ ಎಚ್ಚೆತ್ತದ್ದಕ್ಕೆ ಗಾಳಿ ಸಲೀಸಾಗಿ ಹೋಗುತ್ತಿದೆ ಅನಿಸುತ್ತದೆ ಅಷ್ಟೆ. ಆ ನೆಮ್ಮದಿ ಮಾತ್ರ ನಿಜವೇ!

ಬೀಜವೇ ಇಲ್ಲದ ಗಿಡ

ಚಟ್ನಿಗೆ ರುಬ್ಬುವ, ಪಲಾವಿಗೆ ಹಾಕುವ ನಮ್ಮ ಪುದೀನಾ ಪೆಪ್ಪರ್‌ಮಿಂಟ್ ಅಲ್ಲ! ಮಾರುಕಟ್ಟೆಯಲ್ಲಿ ಕಟ್ಟು ಕಟ್ಟಾಗಿ ಸಿಗುವುದು ಸಾಮಾನ್ಯವಾಗಿ ಸ್ಪಿಯರ್‌ಮಿಂಟ್ ಎಂಬ ಅದರ ಹತ್ತಿರದ ನೆಂಟ. ಅದರಲ್ಲಿ ಮೆಂಥಾಲ್ ತೀರಾ ಕಡಿಮೆ. ಅದಕ್ಕೇ ಒಂದು ಬಟ್ಟಲು ಪುದೀನಾ ಚಟ್ನಿ ತಿಂದರೂ ಬಾಯಿ ಜುಂ ಅನ್ನುವುದಿಲ್ಲ!

ಪುದೀನಾದ ಪರಿಮಳ ಕಾರ್ವೋನ್ ಎಂಬ ವಸ್ತುವಿನದು. ಇದಕ್ಕೆ ಎಡಗೈ ಬಲಗೈ ಹಾಗೆ ಒಂದಕ್ಕೊಂದು ಕನ್ನಡಿಯ ಬಿಂಬವಾದ ಎರಡು ರೂಪಗಳಿವೆ. ಒಂದು ರೂಪ ಪುದೀನಾ ಎಲೆಯಲ್ಲಿದೆ. ಇನ್ನೊಂದು ಎಲ್ಲಿದೆ ಹೇಳಿ? ಸಬ್ಬಸಿಗೆ ಬೀಜದಲ್ಲಿ! ಅದೇ ಪರಮಾಣುಗಳು, ಅದೇ ಲೆಕ್ಕ, ವಾಸನೆ ಮಾತ್ರ ಬೇರೆ!

ಪೆಪ್ಪರ್‌ಮಿಂಟ್ ಎರಡು ಗಿಡಗಳ ಬೆರಕೆ ಕೂಸು. ಒಂದು ಕಡೆ ನೀರಿನಂಚಿನಲ್ಲಿ ಬೆಳೆಯುವ ವಾಟರ್‌ಮಿಂಟ್, ಇನ್ನೊಂದು ಕಡೆ ಸ್ಪಿಯರ್‌ಮಿಂಟ್. ನಮ್ಮ ಅಡುಗೆಮನೆಯ ಪುದೀನಾ ಅದಕ್ಕೆ ಹೆತ್ತವರ ಸಾಲಿನದು! ಆ ಸ್ಪಿಯರ್‌ಮಿಂಟ್ ಕೂಡ ಇನ್ನೆರಡು ಮಿಂಟ್‌ಗಳ ಬೆರಕೆಯಿಂದ ಹುಟ್ಟಿದ್ದು. ಬೆರಕೆಯ ಮೇಲೊಂದು ಬೆರಕೆ!

1696ರಲ್ಲಿ ಇಂಗ್ಲೆಂಡಿನ ಸಸ್ಯವಿಜ್ಞಾನಿ ಜಾನ್ ರೇ ತಮ್ಮ ಪುಸ್ತಕದಲ್ಲಿ ಈ ಗಿಡವನ್ನು ದಾಖಲಿಸಿದರು. 1721ರಲ್ಲೇ ಅದು ಲಂಡನ್ನಿನ ಅಧಿಕೃತ ಔಷಧ ಪುಸ್ತಕ ಸೇರಿತು. ದಾಖಲಾಗಿ ಬರೀ 25 ವರ್ಷಕ್ಕೆ ಔಷಧಿಯ ಪಟ್ಟ!

ಗಿಡಗಳಿಗೆಲ್ಲ ಹೆಸರಿಟ್ಟ ಲಿನೇಯಸ್ 1753ರಲ್ಲಿ ಇದನ್ನು ಒಂದು ಸ್ವತಂತ್ರ ಜಾತಿ ಎಂದೇ ಬರೆದರು. ಅದು ಬೆರಕೆ ಎಂಬುದು ಅಂಥ ಮಹಾಪಂಡಿತರಿಗೂ ಕಾಣಲಿಲ್ಲ!

ಈ ಗಿಡ ಹೂ ಬಿಡುತ್ತದೆ. ಜೇನುನೊಣಗಳೂ ಬರುತ್ತವೆ. ಆದರೆ ಬೀಜ ಕಟ್ಟುವುದು ಇಲ್ಲವೆನ್ನುವಷ್ಟು ಅಪರೂಪ! ಮತ್ತೆ ಹಬ್ಬುವುದು ಹೇಗೆ? ನೆಲದ ಮೇಲೆ, ನೆಲದ ಒಳಗೆ ಬಳ್ಳಿಕಾಂಡ ಚಾಚಿ, ಗಿಣ್ಣುಗಿಣ್ಣಿಗೂ ಬೇರು ಬಿಟ್ಟು. ನೀವು ಇವತ್ತು ನೋಡುವ ಗಿಡ ಹಳೆಯ ಯಾವುದೋ ಗಿಡದ ತುಂಡೇ!

ಅದರ ಕುಟುಂಬದಲ್ಲಿ ಯಾರ್ಯಾರಿದ್ದಾರೆ ಗೊತ್ತೇ? ತುಳಸಿ, ಕಾಮಕಸ್ತೂರಿ, ದೊಡ್ಡಪತ್ರೆ, ಮರುಗ! ಎಲ್ಲವೂ ಒಂದೇ ಮನೆತನ. ನಂಬಿಕೆ ಬರುವುದಿಲ್ಲವೇ? ತುಳಸಿಯ ಎಳೆ ದಂಟನ್ನು ಬೆರಳ ನಡುವೆ ಹೊರಳಿಸಿ ನೋಡಿ, ನಾಲ್ಕು ಮೂಲೆ ಸಿಗುತ್ತವೆ. ಪೆಪ್ಪರ್‌ಮಿಂಟ್ ದಂಟೂ ಹಾಗೇ ಚೌಕ!

ಎಲೆಯೊಳಗಿನ ರಸಾಯನ

ಅಷ್ಟೊಂದು ಪರಿಮಳ ಎಲೆಯಲ್ಲಿ ಎಲ್ಲಿ ಅಡಗಿದೆ? ಎಲೆಯ ಮೈಮೇಲಿನ ಸೂಕ್ಷ್ಮ ಗ್ರಂಥಿಗಳಲ್ಲಿ. ಒಂದೊಂದರಲ್ಲೂ ಎಂಟು ಜೀವಕೋಶಗಳು ವೃತ್ತವಾಗಿ ಕೂತು ಎಣ್ಣೆ ತಯಾರಿಸುತ್ತವೆ. ಮೇಲಿನ ತೆಳು ಪೊರೆಯಡಿ ಅದನ್ನು ತುಂಬಿಡುತ್ತವೆ. ನೀವು ಎಲೆ ಹಿಸುಕಿದಿರೋ, ಪೊರೆ ಒಡೆದು ಘಮ್ಮೆನ್ನುತ್ತದೆ!

ಎಲೆ ಮೊದಲಿಗೆ ಮಾಡುವುದು ಮೆಂಥಾಲನ್ನಲ್ಲ, ಲಿಮೋನೀನ್ ಎಂಬ ವಸ್ತುವನ್ನು. ಕಿತ್ತಳೆ ಸಿಪ್ಪೆ ಸುಲಿದಾಗ ಚಿಮ್ಮುವ ಘಮಲು ಇದರ ಕನ್ನಡಿಬಿಂಬದ್ದು! ಅದನ್ನು ಹಂತಹಂತವಾಗಿ ತಿದ್ದಿ, ತಿರುವಿ, ಕೊನೆಗೆ ಮೆಂಥಾಲ್ ಮಾಡುತ್ತದೆ. ಕಿತ್ತಳೆ ಘಮಲಿನ ನೆಂಟನಿಂದ ಹೊರಟು ಮಿಂಟ್ ವಾಸನೆಗೆ ಬಂದು ನಿಲ್ಲುವ ಗಿಡ!

ಹಾಗಾಗಿ ಎಳೆಯ ಎಲೆಗೂ ಬಲಿತ ಎಲೆಗೂ ರುಚಿ ಬೇರೆ. ಎಳೆಯದರಲ್ಲಿ ಮೆಂಥೋನ್ ಹೆಚ್ಚು. ಬಲಿಯುತ್ತ ಹೋದಂತೆ ಅದು ಮೆಂಥಾಲ್ ಆಗುತ್ತದೆ. ಗಿಡ ಹೂ ಬಿಡುವ ಹೊತ್ತಿಗೆ ಕೊಯ್ಲು ಮಾಡುವುದು ಈ ಕಾರಣಕ್ಕೇ!

ಪೆಪ್ಪರ್‌ಮಿಂಟ್ ಎಣ್ಣೆಯಲ್ಲಿ ಮೆಂಥಾಲ್ ಒಂದೇ ಇಲ್ಲ. ಔಷಧಿಗೆ ಬಳಸುವ ಎಣ್ಣೆಯಲ್ಲಿ ಮೆಂಥಾಲ್ ಶೇಕಡಾ 30ರಿಂದ 55, ಮೆಂಥೋನ್ 14ರಿಂದ 32ರಷ್ಟು ಇರಬೇಕೆಂದು ಯುರೋಪಿನ ಔಷಧ ನಿಯಮ ಹೇಳುತ್ತದೆ. ಜೊತೆಗೆ ನೀಲಗಿರಿ ಎಣ್ಣೆಯ ಮುಖ್ಯ ಅಂಶವಾದ ಸಿನಿಯೋಲ್ ಕೂಡ ಸ್ವಲ್ಪ ಇದೆ!

ಮೆಂಥಾಲ್ ಅಣುವಿನ ಲೆಕ್ಕ ಎಷ್ಟು ಸರಳ ನೋಡಿ. 10 ಇಂಗಾಲ, 20 ಜಲಜನಕ, 1 ಆಮ್ಲಜನಕ. ಒಟ್ಟು ಬರೀ 31 ಪರಮಾಣು! ಇಷ್ಟು ಪುಟ್ಟ ಅಣು ಇಡೀ ದೇಹಕ್ಕೆ ಚಳಿಯಾಯಿತೆಂದು ನಂಬಿಸುತ್ತದೆ!

ಅದೇ 31 ಪರಮಾಣುಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಜೋಡಿಸಿದರೆ ಎಂಟು ರೂಪಗಳಾಗುತ್ತವೆ. ಎಲ್ಲಕ್ಕಿಂತ ಹೆಚ್ಚು ತಂಪು ಕೊಡುವುದು ಆ ಎಂಟರಲ್ಲಿ ಒಂದೇ. ಗಿಡ ಆರಿಸಿಕೊಂಡಿರುವುದೂ ಅದನ್ನೇ!

ಶುದ್ಧ ಮೆಂಥಾಲ್ ಎಣ್ಣೆಯಲ್ಲ, ಸೂಜಿಯಂಥ ಬಿಳಿ ಹರಳು. 42 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಬಳ್ಳಾರಿ, ರಾಯಚೂರಿನ ಕಡುಬೇಸಿಗೆಯಲ್ಲಿ ಡಬ್ಬಿಯೊಳಗೇ ಮೆತ್ತಗಾಗಿಬಿಡಬಹುದು! ಈ ಹರಳನ್ನು 1771ರಲ್ಲಿ ಬೇರ್ಪಡಿಸಿದ್ದು ಹಾಲೆಂಡಿನ ಲೈಡನ್ ನಗರದ ಗೌಬಿಯಸ್.

ಒಂದು ಚಮತ್ಕಾರ ಕೇಳಿ. ಮೆಂಥಾಲ್ ಹರಳು, ಓಮದ ಸತ್ವದ ಹರಳು, ಕರ್ಪೂರ. ಮೂರೂ ಗಟ್ಟಿ ಪದಾರ್ಥಗಳು. ಒಂದೇ ಸೀಸೆಗೆ ಹಾಕಿ ಕುಲುಕಿದರೆ, ಬೆಂಕಿಯೂ ಬೇಡ ನೀರೂ ಬೇಡ, ಕರಗಿ ನೀರಾಗುತ್ತವೆ! ಅಮೃತಧಾರಾ ಎಂಬ ಹಳೆಯ ಮನೆಮದ್ದು ಇದೇ.

ನಿಮ್ಮ ಅಡುಗೆಮನೆಯ ಓಂಕಾಳಿನಲ್ಲಿರುವ ಥೈಮಾಲ್‌ಗೆ ಆರು ಜಲಜನಕ ಸೇರಿಸಿದರೆ ಏನಾಗುತ್ತದೆ ಗೊತ್ತೇ? ಮೆಂಥಾಲ್! ಕಾರ್ಖಾನೆಗಳಲ್ಲಿ ಥೈಮಾಲ್‌ನಿಂದ ಮೆಂಥಾಲ್ ಮಾಡುವುದು ಹೀಗೆಯೇ. ಓಮದ ಖಾರಕ್ಕೂ ಮಿಂಟಿನ ತಂಪಿಗೂ ನಡುವೆ ಇರುವುದು ಆರೇ ಪರಮಾಣು!

ಜಪಾನಿನಲ್ಲಿ ಪೈನ್ ಮರದ ಟರ್ಪೆಂಟೈನ್ ಮೂಲದ ವಸ್ತುವಿನಿಂದಲೂ ಮೆಂಥಾಲ್ ತಯಾರಿಸುತ್ತಾರೆ. ಎಂಟರಲ್ಲಿ ಬೇಕಾದ ಆ ಒಂದೇ ರೂಪ ಬರುವಂತೆ ಮಾಡಲು ನೆರವಾದದ್ದು ರ‍್ಯೋಜಿ ನೊಯೋರಿ ಅವರ ಸಂಶೋಧನೆ. 2001ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್! ಈ ಪುಟ್ಟ ಅಣುವಿನ ಕತೆಯಲ್ಲಿ ಇದು ಇನ್ನೊಂದು ನೊಬೆಲ್!

ಪೆಪ್ಪರ್‌ಮಿಂಟ್‌ಗೆ ಹಗಲಿನ ಉದ್ದ ಮುಖ್ಯ. ಒಳ್ಳೆಯ ಎಣ್ಣೆಗೆ ದಿನಕ್ಕೆ 15–16 ಗಂಟೆ ಹಗಲು ಬೇಕು. ನಮ್ಮ ಬೆಂಗಳೂರಿನ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ! ಅಮೆರಿಕದ ಉತ್ತರದ ಸೀಮೆಗಳಲ್ಲಿ ಅದು ಹುಲುಸಾಗಿ ಬೆಳೆಯುವ ಗುಟ್ಟು ಇದು.

ಹೊಟ್ಟೆಯಿಂದ ಹಣೆಯವರೆಗೆ

ಊಟವಾದ ಮೇಲೆ ಮಿಂಟ್ ಕೊಡುವುದು ಬರೀ ಬಾಯಿವಾಸನೆಗಲ್ಲ! ಕರುಳಿನ ಸ್ನಾಯುಗಳು ಬಿಗಿಯಾಗಬೇಕಾದರೆ ಅವುಗಳೊಳಗೆ ಕ್ಯಾಲ್ಸಿಯಂ ನುಗ್ಗಬೇಕು. ಮೆಂಥಾಲ್ ಆ ದಾರಿಗೆ ಅಡ್ಡ ನಿಲ್ಲುತ್ತದೆ. ಸ್ನಾಯು ಸಡಿಲವಾಗುತ್ತದೆ, ನುಲಿತ ತಗ್ಗುತ್ತದೆ!

ಕೆಲವರಿಗೆ ಪದೇಪದೇ ಹೊಟ್ಟೆ ನುಲಿಯುತ್ತದೆ, ಉಬ್ಬರಿಸುತ್ತದೆ, ಪರೀಕ್ಷೆ ಮಾಡಿಸಿದರೆ ಏನೂ ಕಾಣುವುದಿಲ್ಲ. ವೈದ್ಯರು ಅದನ್ನು ಐಬಿಎಸ್ ಎನ್ನುತ್ತಾರೆ. ಅದಕ್ಕೆ ಪೆಪ್ಪರ್‌ಮಿಂಟ್ ಎಣ್ಣೆ ಬಳಸಬಹುದೆಂದು ಅಮೆರಿಕದ ಜಠರ-ಕರುಳು ತಜ್ಞರ ಸಂಘ 2021ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಜ್ಜಿಯ ಮದ್ದಿಗೆ ಆಸ್ಪತ್ರೆಯ ಮೊಹರು!

ಆದರೆ ಆ ಎಣ್ಣೆ ಹೊಟ್ಟೆಯಲ್ಲೇ ಬಿಡುಗಡೆಯಾದರೆ ಪ್ರಯೋಜನವಿಲ್ಲ, ಕರುಳಿಗೆ ತಲುಪಬೇಕು. ಅದಕ್ಕೇ ಜಠರದ ಆಮ್ಲಕ್ಕೆ ಕರಗದ ಲೇಪನವಿರುವ ಕ್ಯಾಪ್ಸೂಲ್ ಮಾಡುತ್ತಾರೆ. ಕರುಳು ಮುಟ್ಟಿದ ಮೇಲಷ್ಟೇ ಅದು ತೆರೆದುಕೊಳ್ಳುತ್ತದೆ. ಕ್ಯಾಪ್ಸೂಲನ್ನು ಅಗಿದು ನುಂಗಿದರೆ ಆ ಜಾಣ್ಮೆಯೆಲ್ಲ ವ್ಯರ್ಥ!

ಹೊಟ್ಟೆಗೆ ಹಿತವಾದದ್ದು ಎದೆಗೆ ಅಹಿತವಾಗಬಹುದು! ಅನ್ನನಾಳದ ತುದಿಯಲ್ಲಿ ಆಮ್ಲ ಮೇಲೆ ಬಾರದಂತೆ ತಡೆಯುವ ಒಂದು ಸ್ನಾಯುವಿನ ಬಳೆ ಇದೆ. ಪೆಪ್ಪರ್‌ಮಿಂಟ್ ಅದನ್ನೂ ಸಡಿಲಿಸುತ್ತದೆ. ಎದೆಯುರಿ ಇರುವವರಿಗೆ ಉರಿ ಇನ್ನೂ ಹೆಚ್ಚಬಹುದು, ಜೋಕೆ!

ಜಪಾನಿನ ವೈದ್ಯರು ಈ ಗುಣವನ್ನು ಹೇಗೆ ಬಳಸಿಕೊಂಡಿದ್ದಾರೆ ಗೊತ್ತೇ? ಎಂಡೋಸ್ಕೋಪಿ ಮಾಡುವಾಗ ಜಠರ ಅಲುಗಾಡುತ್ತಿದ್ದರೆ ಸರಿಯಾಗಿ ಕಾಣುವುದಿಲ್ಲ. ಆಗ ಜಠರದ ಗೋಡೆಗೆ ಮೆಂಥಾಲ್ ಸಿಂಪಡಿಸುತ್ತಾರೆ. ಜಠರ ಸುಮ್ಮನಾಗುತ್ತದೆ!

ಹಣೆಗೆ ಹಚ್ಚಿದರೆ ತಲೆನೋವು ಹೋಗುತ್ತದೆಯೇ? ಜರ್ಮನಿಯಲ್ಲಿ ಪರೀಕ್ಷಿಸಿ ನೋಡಿದರು. ಮದ್ಯಸಾರದಲ್ಲಿ ಬೆರೆಸಿದ ಶೇಕಡಾ 10ರ ಪೆಪ್ಪರ್‌ಮಿಂಟ್ ಎಣ್ಣೆಯನ್ನು ಹಣೆಗೂ ಕಣತಲೆಗೂ ಹಚ್ಚಿದರು. ಒತ್ತಡದ ತಲೆನೋವಿಗೆ ಅದು 1000 ಮಿಲಿಗ್ರಾಂ ಪ್ಯಾರಾಸಿಟಮಾಲ್‌ಗೆ ಸರಿಸಾಟಿಯಾಯಿತು! 1996ರಲ್ಲಿ ಆ ಅಧ್ಯಯನ ಪ್ರಕಟವಾಯಿತು.

ನಮ್ಮ ಮನೆಗಳ ಹಳದಿ ಬಾಮ್ ಅಮೃತಾಂಜನಕ್ಕೆ ನೂರು ವರ್ಷ ದಾಟಿ ಎಷ್ಟೋ ಕಾಲವಾಯಿತು. ಕಾಶೀನಾಥುನಿ ನಾಗೇಶ್ವರ ರಾವ್ ಅದನ್ನು 1893ರಲ್ಲಿ ಮುಂಬಯಿಯಲ್ಲಿ ಶುರುಮಾಡಿದರು. ಅವರು ಮುಂದೆ ಸ್ವಾತಂತ್ರ್ಯ ಹೋರಾಟಕ್ಕೂ ಇಳಿದರು, ಪತ್ರಿಕೆಯನ್ನೂ ನಡೆಸಿದರು! ಅದರ ಘಾಟಿನಲ್ಲಿ ಕರ್ಪೂರದ ಜೊತೆ ಮೆಂಥಾಲ್ ಪಾಲೂ ಇದೆ.

ಪೆಪ್ಪರ್‌ಮಿಂಟ್ ಟೀಗೂ ಎಣ್ಣೆಗೂ ಅಜಗಜಾಂತರ! ಬಿಸಿನೀರಿಗೆ ಎಣ್ಣೆ ಇಳಿಯುವುದು ಸ್ವಲ್ಪವೇ. ಟೀಯಲ್ಲಿ ಹೆಚ್ಚಾಗಿ ಸಿಗುವುದು ರೋಸ್‌ಮರಿನಿಕ್ ಆಮ್ಲ, ಎರಿಯೋಸಿಟ್ರಿನ್‌ನಂಥ ನೀರಿನಲ್ಲಿ ಕರಗುವ ವಸ್ತುಗಳು. ಅದೇ ಎಲೆಯಿಂದ ಎರಡು ಬೇರೆ ಸರಕು! ಟೀ ಮಾಡುವಾಗ ಪಾತ್ರೆಗೆ ತಟ್ಟೆ ಮುಚ್ಚಿಡಿ, ಇಳಿದಷ್ಟು ಎಣ್ಣೆಯಾದರೂ ಹಬೆಯ ಜೊತೆ ಹಾರಿಹೋಗದಿರಲಿ.

ಹೊಲ, ಸಂತೆ, ಚರಂಡಿ!

ಜಗತ್ತಿಗೆ ನೈಸರ್ಗಿಕ ಮೆಂಥಾಲ್ ಅತಿ ಹೆಚ್ಚು ಕೊಡುವ ದೇಶ ಯಾವುದು? ಭಾರತ! ಉತ್ತರ ಪ್ರದೇಶದ ಬಾರಾಬಂಕಿ, ಸಂಭಲ್, ರಾಂಪುರದ ಕಡೆ ಹೊಲದ ಮೇಲೆ ಹೊಲ ಮಿಂಟ್. ಆದರೆ ಅದು ಪೆಪ್ಪರ್‌ಮಿಂಟ್ ಅಲ್ಲ, ಅದರ ಇನ್ನೊಬ್ಬ ನೆಂಟ, ಜಪಾನಿ ಮಿಂಟ್. ಆ ಎಣ್ಣೆಯಲ್ಲಿ ಮೆಂಥಾಲ್ ಶೇಕಡಾ 70 ದಾಟುತ್ತದೆ!

ಎರಡನೇ ಮಹಾಯುದ್ಧಕ್ಕೆ ಮುಂಚೆ ಮೆಂಥಾಲಿನ ರಾಜ ಜಪಾನ್. ಅಲ್ಲಿಯ ಗಿಡ ಯುದ್ಧದ ನಂತರ ನಮ್ಮಲ್ಲಿಗೆ ಬಂತು. ಲಖನೌದ ಸಿಮ್ಯಾಪ್ ಸಂಸ್ಥೆ ಕೋಸಿ, ಸಿಮ್-ಕ್ರಾಂತಿಯಂಥ ಒಳ್ಳೆಯ ತಳಿಗಳನ್ನು ರೈತರ ಕೈಗಿಟ್ಟಿತು. ಈಗ ರಾಜ ನಾವೇ! ಆ ಸಂಸ್ಥೆಯ ಒಂದು ಸಂಶೋಧನಾ ಕೇಂದ್ರ ನಮ್ಮ ಬೆಂಗಳೂರಿನಲ್ಲೂ ಇದೆ.

ಮುಂಗಾರು ಇಳಿಯುವ ಮುಂಚೆಯೇ ಕೊಯ್ಲಾಗುವ ಬೆಳೆ ಇದು. ಕೊಯ್ದ ಸೊಪ್ಪನ್ನು ಹಳ್ಳಿಯಲ್ಲೇ ಹಂಡೆಗೆ ತುಂಬಿ, ಹಬೆ ಹಾಯಿಸಿ, ಎಣ್ಣೆ ಬಟ್ಟಿ ಇಳಿಸುತ್ತಾರೆ. ನೂರು ಕಿಲೋ ಹಸಿ ಸೊಪ್ಪಿಗೆ ಒಂದು ಕಿಲೋ ಎಣ್ಣೆಯೂ ಸಿಗುವುದಿಲ್ಲ! ಚಿನ್ನ, ಬೆಳ್ಳಿ, ಹತ್ತಿಯಂತೆ ಈ ಮೆಂಥಾ ಎಣ್ಣೆಗೂ ಸರಕು ವಿನಿಮಯ ಕೇಂದ್ರದಲ್ಲಿ ವಾಯಿದಾ ವ್ಯಾಪಾರ ನಡೆದಿದೆ!

ಅಮೆರಿಕದಲ್ಲಿ ‘ಪೆಪ್ಪರ್‌ಮಿಂಟ್ ರಾಜ’ ಎನಿಸಿಕೊಂಡ ಒಬ್ಬರಿದ್ದರು. ಮಿಶಿಗನ್ ರಾಜ್ಯದ ಕಲಮಜೂ ಊರಿನ ಆಲ್ಬರ್ಟ್ ಟಾಡ್. ಮಿಂಟ್ ಎಣ್ಣೆ ಮಾರಿ ಹೆಸರಾದ ಅವರು 1897ರಲ್ಲಿ ಅಮೆರಿಕದ ಸಂಸತ್ತಿಗೇ ಹೋಗಿ ಕೂತರು!

ಇಂಗ್ಲೆಂಡಿನ ಮಿಚಮ್ ಊರಿನ ಹೆಸರಿನ ತಳಿ ಅಮೆರಿಕದ ಹೊಲಗಳನ್ನೆಲ್ಲ ತುಂಬಿತ್ತು. ಆಗ ಒಂದು ಬಾಡುರೋಗ ಬಂತು. ಬೀಜವೇ ಇಲ್ಲದ ಗಿಡಕ್ಕೆ ಹೊಸ ತಳಿ ಎಲ್ಲಿಂದ ತರುವುದು? ವಿಜ್ಞಾನಿಗಳು ವಿಕಿರಣ ಹಾಯಿಸಿದರು! ಬದಲಾದ ಗಿಡಗಳಲ್ಲಿ ರೋಗ ತಡೆದುಕೊಂಡದ್ದನ್ನು ಆರಿಸಿ, 1970ರ ದಶಕದ ಆರಂಭದಲ್ಲಿ ‘ಟಾಡ್ಸ್ ಮಿಚಮ್’ ಎಂದು ಹೊರತಂದರು.

ಹಿಂದೆ ಪಾಶ್ಚಾತ್ಯ ನಗರಗಳಲ್ಲಿ ಪೆಪ್ಪರ್‌ಮಿಂಟ್ ಎಣ್ಣೆಯನ್ನು ಚರಂಡಿ ಕೊಳವೆಗೆ ಸುರಿಯುತ್ತಿದ್ದರು! ಯಾಕೆ? ಸೋರಿಕೆ ಹುಡುಕಲು. ಛಾವಣಿಯ ಮೇಲೆ ಒಬ್ಬ ಎಣ್ಣೆ ಮತ್ತು ಬಿಸಿನೀರು ಸುರಿಯುತ್ತಿದ್ದ, ಮನೆಯೊಳಗೆ ಇನ್ನೊಬ್ಬ ಮೂಸುತ್ತ ಹೋಗುತ್ತಿದ್ದ. ಎಲ್ಲಿ ಘಮ ಬಂತೋ ಅಲ್ಲಿ ಬಿರುಕು! ಸುರಿದವನ ಮೈಗೆ ವಾಸನೆ ಅಂಟಿರುವುದರಿಂದ ಅವನು ಒಳಗೆ ಬರುವಂತಿರಲಿಲ್ಲ.

ಈ ತಂಪು ಒಂದು ಕೆಟ್ಟ ಕೆಲಸಕ್ಕೂ ಬಳಕೆಯಾಯಿತು. 1920ರ ದಶಕದಲ್ಲಿ ಅಮೆರಿಕದಲ್ಲಿ ಸಿಗರೇಟಿಗೆ ಮೆಂಥಾಲ್ ಸೇರಿತು. ಹೊಗೆಯ ಕಟು ಗೊತ್ತಾಗದಂತೆ ಮಾಡಿ, ಹೊಸಬರನ್ನು ಸುಲಭವಾಗಿ ಸೆಳೆಯಿತು. ಯುರೋಪಿಯನ್ ಒಕ್ಕೂಟ 2020ರ ಮೇ ತಿಂಗಳಲ್ಲಿ ಅದನ್ನು ನಿಷೇಧಿಸಿದ್ದು ಒಳ್ಳೆಯದೇ ಆಯಿತು!

ಇಷ್ಟೆಲ್ಲ ಘಾಟು ಗಿಡಕ್ಕೆ ಯಾತಕ್ಕೆ? ಹುಳುಗಳನ್ನು ದೂರ ಇಡಲು ನೆರವಾಗುತ್ತದೆ. ಆದರೂ ಮಿಂಟ್ ಎಲೆಯನ್ನೇ ಹುಡುಕಿಕೊಂಡು ಬಂದು ತಿನ್ನುವ ಒಂದು ದುಂಬಿ ಯುರೋಪಿನಲ್ಲಿದೆ. ಥಳಥಳ ಹೊಳೆಯುವ ಹಸಿರು ಮೈಯದು. ಎಲ್ಲರನ್ನೂ ಓಡಿಸುವ ವಾಸನೆಯೇ ಅದಕ್ಕೆ ಊಟದ ಕರೆ!

ಇದು ಮಾತ್ರ ಮರೆಯಬೇಡಿ

ಎರಡು ವರ್ಷದೊಳಗಿನ ಮಕ್ಕಳಿಗೆ ಮೆಂಥಾಲ್ ಇರುವ ಬಾಮ್ ಹಚ್ಚಲೇಬೇಡಿ. ಮೂಗಿನ ಬಳಿಯಂತೂ ಬೇಡವೇ ಬೇಡ! ನಮಗೆ ಹಿತವೆನಿಸುವ ಆ ಘಾಟಿಗೆ ಹಸುಗೂಸಿನ ಗಂಟಲು ಬಿಗಿದುಕೊಂಡು ಉಸಿರೇ ಕಟ್ಟಬಹುದು. ಮಗುವಿಗೆ ನೆಗಡಿಯಾದರೆ ವೈದ್ಯರನ್ನು ಕೇಳಿ.

ಎಲೆ ಬೇರೆ, ಎಣ್ಣೆ ಬೇರೆ. ಹಿಡಿ ಎಲೆ ಟೀಗೆ ಹಾಕಿದರೆ ಚಿಂತೆಯಿಲ್ಲ. ಶುದ್ಧ ಎಣ್ಣೆಯನ್ನು ಹಾಗೇ ಕುಡಿಯಬೇಡಿ, ಬರಿಮೈಗೂ ಹಚ್ಚಬೇಡಿ. ಒಂದು ಪುಟ್ಟ ಸೀಸೆಯಲ್ಲಿ ಎಷ್ಟು ಕಿಲೋ ಸೊಪ್ಪಿನ ಸಾರವಿದೆ ಎಂದು ಈಗಾಗಲೇ ನೋಡಿದಿರಲ್ಲ!

ಮಿಂಟ್ ಎಂದ ಮಾತ್ರಕ್ಕೆ ಎಲ್ಲವೂ ಸಾಧುವಲ್ಲ. ಪೆನಿರಾಯಲ್ ಎಂಬ ಮಿಂಟ್ ಕೂಡ ಇದೇ ಕುಲದ್ದು. ಅದರ ಎಣ್ಣೆಯ ತುಂಬ ಪುಲೆಗೋನ್ ಎಂಬ ವಸ್ತು. ಕುಡಿದರೆ ಯಕೃತ್ತಿಗೇ ಪೆಟ್ಟು! ಪೆಪ್ಪರ್‌ಮಿಂಟ್ ಎಲೆಯೊಳಗೂ ಪುಲೆಗೋನ್ ಹುಟ್ಟುತ್ತದೆ. ಆದರೆ ಗಿಡ ಅದನ್ನು ಬಹುಪಾಲು ಮೆಂಥೋನ್ ಮಾಡಿ, ಮುಂದೆ ಮೆಂಥಾಲ್ ಮಾಡಿಬಿಡುತ್ತದೆ. ವಿಷವನ್ನೇ ಮದ್ದಾಗಿಸುವ ಎಲೆ!

ಇನ್ನು ನಿಮಗೊಂದು ಕೆಲಸ. ನರ್ಸರಿಯಲ್ಲಿ ಪೆಪ್ಪರ್‌ಮಿಂಟ್ ಸಿಕ್ಕರೆ ಸರಿ, ಇಲ್ಲದಿದ್ದರೆ ಅಡುಗೆಮನೆಯ ಪುದೀನಾ ಕಟ್ಟೇ ಸಾಕು. ಗಟ್ಟಿ ದಂಟೊಂದನ್ನು ಆರಿಸಿ, ಕೆಳಗಿನ ಎಲೆ ತೆಗೆದು, ಲೋಟದ ನೀರಿನಲ್ಲಿ ನಿಲ್ಲಿಸಿ. ಒಂದೆರಡು ವಾರದಲ್ಲಿ ಬಿಳಿ ಬೇರು! ಆಮೇಲೆ ಕುಂಡದಲ್ಲೇ ನೆಡಿ, ನೆಲಕ್ಕೆ ಬಿಟ್ಟರೆ ಅಂಗಳವನ್ನೆಲ್ಲ ಆಕ್ರಮಿಸುತ್ತದೆ. ಬೀಜ ಬೇಡ, ಗೊಬ್ಬರದ ಗೋಜಿಲ್ಲ, ಖರ್ಚು ಒಂದು ದಂಟು. ಇವತ್ತೇ ಶುರು ಮಾಡಿ!